ಅವ್ವನಿಗೆ ಸಿಕ್ಕ ಜಾಗ

ಮೊನ್ನೆ ಅಪ್ಪನ ತಣ್ಣಗಿನ ಹಣೆಗೆ ವಿಭೂತಿ ಹಚ್ಚುವಾಗ, ಆ ಒಣ ವಾಸನೆಗೆ ನಾಸಿಕ್ ಊರಿನ ಒಂದು ಮಧ್ಯಾಹ್ನ ನೆನಪಾಯಿತು.

ಬೀದರ್ ಕಡೆಯಿಂದ ನಾವು ಅಲ್ಲಿಗೆ ಬಂದು ವರ್ಷವೂ ಆಗಿರಲಿಲ್ಲ. ಅವ್ವ ಜ್ವರದಲ್ಲಿ ತೀರಿಕೊಂಡಳು. ಪಕ್ಕದ ಹೋಟೆಲಿನ ರಾಯರು ಉಡುಪಿ ಕಡೆಯವರು. ಕೇಳುವ ಮೊದಲೇ ಬಿದಿರು ತರಿಸಿ ಚಟ್ಟ ಕಟ್ಟಿಸುತ್ತಿದ್ದರು.

“ನಮ್ಮಲ್ಲಿ ಸುಡಂಗಿಲ್ರಿ ರಾಯರ. ಕುಂಡ್ರಿಸಿ ಮಣ್ಣು ಮಾಡ್ತೀವ್ರಿ,” ಎಂದು ಅಪ್ಪ ಕೈಮುಗಿದರು.

“ಎಂಥ ಮಾರಾಯ್ರೆ! ದೇಶದವರೆಲ್ಲ ಬೂದಿ ಹಿಡ್ಕೊಂಡು ಇಲ್ಲಿಗೆ ಬರ್ತಾರೆ. ನೀವು ಗೋದಾವರಿ ಬಿಟ್ಟು ಮಣ್ಣು ಹುಡುಕುವುದಾ?”

ಸುಡುಗಾಡಿನವರು ಹೂಳಲು ಬಿಡಲಿಲ್ಲ. ಖಬರಸ್ತಾನದ ಹಿರಿಯರು, ಒಳಗೆ ತಮ್ಮವರಿಗಷ್ಟೇ ಜಾಗ ಎಂದರು. ಅಪ್ಪನ ಜೊತೆ ಈರುಳ್ಳಿ ಗೋದಾಮಿನಲ್ಲಿ ದುಡಿಯುತ್ತಿದ್ದ ಯೂಸುಫ್ ಚಾಚಾ ನಮ್ಮೂರ ಕಡೆಯವನೇ. ಅವನು ಅವರನ್ನು ಕಾಡಿ ಬೇಡಿ, ಗೋಡೆಯ ಹೊರಗಿನ ಒಂದು ತುಂಡು ನೆಲಕ್ಕೆ ಒಪ್ಪಿಸಿದ.

ಗುಂಡಿ ತೋಡಿ ಮುಗಿದ ಮೇಲೆ ಚಾಚಾ ತಾನೇ ಒಳಗಿಳಿದು ಚಕ್ಕಳಬಕ್ಕಳ ಹಾಕಿ ಕುಳಿತ. “ನನ್ನಂಥ ದಪ್ಪನಾವನ್ನೂ ಹಿಡಿಸ್ತದ ನೋಡ್ರಿ. ತಂಗೆವ್ವಗ ಆರಾಮ ಆಗ್ತದ,” ಎಂದ. ಬೆಳಗಿನಿಂದ ಅಳದಿದ್ದ ಅಪ್ಪ ಆಗ ಅತ್ತರು.

ಅವ್ವನನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಮುಚ್ಚಿದರು. ರಾಯರು ದೂರ ರಸ್ತೆಯಲ್ಲೇ ಚಪ್ಪಲಿ ಬಿಟ್ಟು ನಿಂತಿದ್ದರು. ಸುತ್ತ ಬೇರೊಂದು ಗೋರಿಯಿರಲಿಲ್ಲ.

“ಅಪ್ಪಾ, ಅವ್ವ ಇಲ್ಲಿ ಒಬ್ಬಾಕೆನ ಹೆಂಗಿರ್ತಾಳ?”

ಚಾಚಾ ಕೈಯ ಮಣ್ಣು ಒರೆಸಿಕೊಳ್ಳುತ್ತ, “ಗ್ವಾಡಿ ಆಚಿ ನಮ್ಮ ಅಮ್ಮಾ ಅದಾಳ, ಬೇಟಿ,” ಎಂದ.

ನಾನು ತುದಿಗಾಲಲ್ಲಿ ನಿಂತೆ. ಗೋಡೆ ನನಗಿಂತ ಎತ್ತರವಿತ್ತು.