ಮೊದಲಿನ ಸ್ಥಿತಿಗೆ

“ಒಳಗ ಬರ್ಲೇನ್ರಿ?”

ಬಾಗಿಲಲ್ಲಿ ನಿಂತು ವಿಜಯೀಂದ್ರ ಕೇಳಿದ. ಆ ‘ರಿ’ ಮಾನಸಿಯ ಕಿವಿಗೆ ಹೊಸದಾಗಿ ಕೇಳಿತು. ಮದುವೆಯಾದಾಗಿನಿಂದ ಅವಳನ್ನು ‘ನೀ’ ಎಂದೇ ಕರೆದವನು ಅವನು. ವಿಚ್ಛೇದನದ ಆದೇಶ ಕೈಗೆ ಬಂದು ತಿಂಗಳೂ ತುಂಬಿರಲಿಲ್ಲ. ಅಷ್ಟರಲ್ಲಿ ಈ ‘ರಿ’ ಬಂದು ಸೇರಿಕೊಂಡಿತ್ತು.

“ಬರ್ರಿ,” ಎಂದಳು.

ಹುಬ್ಬಳ್ಳಿಯ ಬೈರಿದೇವರಕೊಪ್ಪದ ಈ ಮಹಡಿ ಮನೆಗೆ ಅವನು ಬಂದದ್ದು ಇದೇ ಮೊದಲು. ಒಂದು ಕೋಣೆ, ಒಂದು ಅಡುಗೆಮನೆ. ಇದ್ದೊಂದು ಕುರ್ಚಿಯನ್ನು ಅವನಿಗೆ ಬಿಟ್ಟು ಅವಳು ಮಂಚದ ಅಂಚಿನಲ್ಲಿ ಕುಳಿತಳು. ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಅದು ಅವನು ಕೊಂಡದ್ದು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಬೇಕಾಗುತ್ತದೆಂದು ಬಿಟ್ಟುಕೊಟ್ಟಿದ್ದ. ಆದರೆ ಅದರೊಳಗಿನ ಯಜಮಾನ ಇನ್ನೂ ಅವನೇ. ಹೊಸದಾಗಿ ಏನು ಹಾಕಹೋದರೂ ಅವನ ಅನುಮತಿ ಕೇಳುತ್ತಿತ್ತು. ಬೆಳಿಗ್ಗೆ ತೆರೆದರೆ ಪರದೆಯ ಮೇಲೆ ಅವನ ಹೆಸರು. ಫೋನಿನಲ್ಲಿ ಇದನ್ನು ಹೇಳಿದಾಗ, “ಪೂರಾ ರೀಸೆಟ್ ಮಾಡಿಬಿಡೋಣು. ಕಂಪನಿಯಿಂದ ಬಂದಾಗ ಹ್ಯಾಂಗಿತ್ತೋ ಹಂಗ ಆಗ್ತದ. ರವಿವಾರ ಬರ್ತೇನಿ,” ಎಂದಿದ್ದ.

“ಒಳಗಿಂದೆಲ್ಲಾ ಹೋಗ್ತದ. ಏನರ ತಗದು ಇಡಬೇಕೇನು?” ಈಗ ಲ್ಯಾಪ್‌ಟಾಪಿನ ಎದುರು ಕುಳಿತು ಅವನು ಕೇಳಿದ್ದು, ‘ನೀ’ ಆಗಲಿ ‘ನೀವು’ ಆಗಲಿ ಇಲ್ಲದ ಪ್ರಶ್ನೆ.

“ಸಾಲೀದು ಎಲ್ಲಾ ಪೆನ್‌ಡ್ರೈವಿಗೆ ಹಾಕ್ಕೊಂಡೇನಿ. ಅತ್ಯಾರ ಹಾಡು ಇದರಾಗ ಅವ. ಅವನ್ನ ನೀವು ಒಯ್ರಿ.”

ಅವನ ತಾಯಿ ಅಂಬಾಬಾಯಿಯನ್ನು ಎದುರಿಗೆ ಕೂಡಿಸಿಕೊಂಡು ಮಾನಸಿ ಒಂದೊಂದೇ ಹಾಡು ಹೇಳಿಸಿ ಧ್ವನಿಮುದ್ರಿಸಿದ್ದಳು. ಅವನು ಒಂದನ್ನು ತೆರೆದ. ಆರತಿ ಹಾಡು. ವಯಸ್ಸಾದ ಧ್ವನಿ ನಡುಗುತ್ತ ಎರಡು ಸಾಲು ಮುಗಿಸಿ ಥಟ್ಟನೆ ನಿಂತಿತು. “ಮಾನಸೀ, ಗ್ಯಾಸಿನ ಮ್ಯಾಲ ಹಾಲು ಉಕ್ಕಲಿಕ್ಕತ್ತದ, ಲಗೂ ಓಡು!”

ಇಬ್ಬರೂ ನಕ್ಕರು. ಇಬ್ಬರೂ ಒಟ್ಟಿಗೇ ನಗು ನಿಲ್ಲಿಸಿದರು.

“ನನಗ್ಯಾಕ? ಅವ್ವ ಮನ್ಯಾಗೇ ಇದ್ದಾಳ,” ಎಂದ ವಿಜಯೀಂದ್ರ. “ನೀ ಇಟ್ಕೋ.” ತನ್ನ ಬಾಯಿಗೆ ‘ನೀ’ ಮರಳಿ ಬಂದದ್ದು ಅವನಿಗೆ ಗೊತ್ತಾಗಲಿಲ್ಲ.

ಹಾಡುಗಳು ಅವಳ ಪೆನ್‌ಡ್ರೈವಿಗೆ ಹೋದವು. ಎಲ್ಲವನ್ನೂ ಅಳಿಸುವುದು ಖಚಿತವೇ ಎಂದು ಕಂಪ್ಯೂಟರು ಇನ್ನೊಮ್ಮೆ ಕೇಳಿತು. ಅವನು ಬೆರಳೆತ್ತಿ ಹಿಡಿದು ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಪರದೆ ಕಪ್ಪಾಗಿ, ನಡುವೆ ಬಿಳಿ ಚುಕ್ಕೆಗಳು ಸುತ್ತತೊಡಗಿದವು, ಕೆಳಗೆ ಶೇಕಡಾ ಅಂಕಿ ಏರತೊಡಗಿತು.

“ಎಷ್ಟೊತ್ತು ಬೇಕು?”

“ಒಂದು ತಾಸರ ಬೇಕು. ಹಳೇ ಮಷೀನು.”

“ಹಂಗಾರ ಚಹಾ ಮಾಡ್ತೇನಿ.”

ಅವರ ನಡುವೆ ದೊಡ್ಡ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಯಾರಾದರೂ ಹಿರಿಯರು ನಡುವೆ ಬಂದು ರಾಜಿ ಮಾಡಿಸುತ್ತಿದ್ದರೇನೋ. ಬ್ಯಾಂಕಿನವರು ಅವನನ್ನು ಕಲಬುರಗಿಗೆ ವರ್ಗ ಮಾಡಿದರು. ಮೊದಲು ದಿನಾ ಫೋನು, ಆಮೇಲೆ ವಾರಕ್ಕೊಮ್ಮೆ. ವರ್ಗವಾಗಿ ಮತ್ತೆ ಧಾರವಾಡದ ಮನೆಗೆ ಬಂದಮೇಲೂ, ಒಂದೇ ಮನೆಯಲ್ಲಿದ್ದೂ, ಮಾತು ಮಾತ್ರ ತಿರುಗಿ ಬರಲಿಲ್ಲ. ಊಟಕ್ಕೆ ಏಳಿ, ಕೀಲಿ ಇಲ್ಲಿದೆ, ಗ್ಯಾಸ್ ಮುಗಿದಿದೆ. ಅಷ್ಟೇ. ಕೊನೆಗೆ ಕೋರ್ಟಿನಲ್ಲಿ ಇಬ್ಬರೂ ಒಪ್ಪಿಗೆ ಇದೆ ಎಂಬ ಒಂದೇ ಉತ್ತರ ಕೊಟ್ಟು ಹೊರಬಂದಿದ್ದರು.

ಚಹಾದ ಕಪ್ಪು ಕೊಡುತ್ತ ಮಾನಸಿ ಕೇಳಿದಳು, “ಅತ್ಯಾ ಹ್ಯಾಂಗಿದ್ದಾರ?”

“ಛಲೋ ಇದ್ದಾಳ. ಸಂಜಿ ಆತಂದ್ರ ನಿನ್ನ ಕೇಳ್ತಾಳ.”

“ಏನ್ ಹೇಳ್ತೀರಿ?”

“ಸಾಲ್ಯಾಗ ಪರೀಕ್ಷಾ ನಡದಾವ, ಹುಬ್ಬಳ್ಳ್ಯಾಗೇ ಉಳದಾಳ ಅಂತ.”

ಅವಳು ಕಪ್ಪನ್ನು ಕೆಳಗಿಟ್ಟಳು. “ಅವರಿಗೆ ಇನ್ನೂ ಹೇಳೇ ಇಲ್ಲೇನ್ರಿ?”

“ಹೇಳಬೇಕಂತ ಕುಂತೆ. ಬಾಯೇ ಬರ್ಲಿಲ್ಲ.”

“ಪರೀಕ್ಷಾ ಎಷ್ಟು ದಿನ ನಡೀತಾವ್ರಿ?”

ಅವನು ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

“ನಾನೇ ಬಂದು ಹೇಳ್ಲೇನು?” ಎಂದಳು ಮಾನಸಿ.

“ನೀ ಬಂದ್ರ ಮಣೆ ಹಾಕಿ ಊಟಕ್ಕ ಕೂಡಸ್ತಾಳ. ಆಮ್ಯಾಲ ಹೇಳೂದೆಲ್ಲಿ ಆಗ್ತದ?”

ಅವಳ ಸಿಟ್ಟು ಅಲ್ಲಿಗೇ ಇಳಿಯಿತು. ಅತ್ತೆಯ ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು. ಅವನು ಹೇಳಿದ. ರಾತ್ರಿ ತನಗೆ ನಿದ್ದೆ ಬರುವುದಿಲ್ಲ, ಎದ್ದು ಅಂಗಳದಲ್ಲಿ ತಿರುಗಾಡುತ್ತೇನೆ ಎಂದೂ ಹೇಳಿದ. ಇವಳು ಕೆಳಗಿನ ಮನೆಯ ಕರೀಮಾಬಿಯ ವಿಷಯ ತೆಗೆದಳು: ಮೊದಲ ವಾರ ನಳಕ್ಕೆ ನೀರು ಬಂದದ್ದು ಇವಳಿಗೆ ಗೊತ್ತಾಗದೆ ಹೋದಾಗ, ಆಕೆಯೇ ಕೊಡ ತುಂಬಿಸಿ ಮೆಟ್ಟಿಲ ಮೇಲೆ ಇಟ್ಟಿದ್ದಳಂತೆ. ಒಬ್ಬಳಿಗೇ ಅಡುಗೆ ಮಾಡುವಾಗ ಉಪ್ಪಿನ ಅಂದಾಜು ಇನ್ನೂ ಸಿಕ್ಕಿಲ್ಲ ಎಂದಳು. ಅವನು ನಗಲಿಲ್ಲ. ಪರದೆಯ ಮೇಲಿನ ಅಂಕಿ ಎಲ್ಲಿಗೆ ಬಂದಿದೆ ಎಂದು ಇಬ್ಬರೂ ನೋಡಲಿಲ್ಲ.

ಮಬ್ಬಾಗಿದ್ದ ಕೋಣೆಯಲ್ಲಿ ಒಮ್ಮೆಲೇ ಬೆಳಕಾದಾಗ ಇಬ್ಬರೂ ಬೆಚ್ಚಿದರು. ಲ್ಯಾಪ್‌ಟಾಪ್ ಹೊಸದಾಗಿ ಎದ್ದು ಕುಳಿತಿತ್ತು.

ಯಾವ ಭಾಷೆ, ಯಾವ ದೇಶ ಎಂದು ಕೇಳಿತು. ಅವನು ಚಕಚಕನೆ ಒತ್ತಿದ. ಆಮೇಲೆ ವೈಫೈ ಕೇಳಿತು. ಅವನ ಬೆರಳು ನಿಂತಿತು. ಇದು ಅವಳ ಮನೆಯ ವೈಫೈ, ಅವಳ ಪಾಸ್‌ವರ್ಡ್.

ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಎದ್ದು ಕಿಟಕಿಯ ಹತ್ತಿರ ಹೋಗಿ, ಎಟಿಎಮ್ಮಿನಲ್ಲಿ ಮುಂದಿನವರು ಗುಟ್ಟಿನ ಅಂಕಿ ಒತ್ತುವಾಗ ಸಭ್ಯರು ನಿಲ್ಲುವ ಹಾಗೆ, ಅವಳಿಗೆ ಬೆನ್ನು ಮಾಡಿ ನಿಂತ. ಕೆಳಗೆ ರಸ್ತೆಯಲ್ಲಿ ಧಾರವಾಡದ ಕಡೆಗೆ ‘ಚಿಗರಿ’ ಎಂಬ ವೇಗದ ಬಸ್ಸೊಂದು ಹಾದುಹೋಯಿತು.

ಮಾನಸಿ ಅಕ್ಷರಗಳನ್ನು ಒತ್ತಿದಳು. ತಕ್ಷಣ ಸಂಪರ್ಕ ಸಿಕ್ಕಿತು.

“ಆತೇನು?” ಅವನು ತಿರುಗದೆಯೇ ಕೇಳಿದ.

ಪರದೆಯ ಮೇಲೆ ಮುಂದಿನ ಪ್ರಶ್ನೆ ಆಗಲೇ ಬಂದಿತ್ತು. ಮಾನಸಿ ಅವನ ಬೆನ್ನನ್ನೇ ನೋಡುತ್ತ, “ಇನ್ನೂ ಇಲ್ಲ,” ಎಂದಳು.