ಗೋಡೆಯಿಂದ ಉದುರಿದ ಸದ್ದು

ನಮ್ಮ ಮಂಗಳೂರಿನಲ್ಲಿ ಸದ್ದು ಸಾಯುವುದಿಲ್ಲ. ಗೋಡೆಗೆ ಅಂಟಿಕೊಂಡು, ಮನಸ್ಸು ಬಂದಾಗ ಉದುರುತ್ತದೆ. ಇಂಥ ಊರಲ್ಲಿ ಜಾಝ್ ಬ್ಯಾಂಡ್ ನಡೆಸುವ ನನ್ನ ಅರ್ಧ ಆಯುಸ್ಸು ಗೋಡೆ ಒರೆಸುವುದರಲ್ಲೇ ಹೋಯಿತು.

ನಿನ್ನೆ ಈ ಹಾಲ್‌ನಲ್ಲಿ ಯಾರೋ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರ ಮಾಡಿದ್ದರು. ಅವಳ ಚಿಕ್ಕಮ್ಮಂದಿರ ಹಾಡನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ನನ್ನ ತಲೆ ಕೆಟ್ಟಿತ್ತು. ಆಗಲೇ ಸ್ಯಾಕ್ಸೋಫೋನ್ ಕೇಳಿಸಿತು.

"ಹಿಲ್ಡಾ, ಅದು ಮೊನ್ನೆ ನುಡಿಸಿದ್ದೇ ಅಲ್ವಾ? ಜಾಝ್ ಅಂದ್ರೆ ಪ್ರತಿ ಸಲ ಹೊಸತು ಬೇಕು ಅಂತ ಎಷ್ಟು ಸಲ ಹೇಳುದು ನಿನಗೆ?"

"ನಾನಿನ್ನೂ ಬಾಯಿಗೇ ಇಟ್ಟಿಲ್ಲ ಮಾಸ್ಟ್ರೆ. ಮೊನ್ನೆಯದ್ದು ಅಲ್ಲಿ ಫ್ಯಾನಿನ ಹತ್ರ ಉಂಟು ನೋಡಿ."

ಏಣಿ ಹತ್ತಿ ಅದನ್ನೂ ಒರೆಸಿದೆ. ಕೊನೆಗೂ ಹಾಲ್ ನಿಶ್ಶಬ್ದವಾಯಿತು. ಕೈಯಾಡಿಸಿ ಬ್ಯಾಂಡ್ ಶುರು ಮಾಡಿಸಿದೆ.

ಹಿಲ್ಡಾ ನುಡಿಸಿದಳು. ಈ ಸಲ ನಿಜಕ್ಕೂ ಹೊಸತು. ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದೆ.

"ಸ್ಟಾಪ್! ಎಂತ ಕರ್ಮ ಇದು!"

ಇಡೀ ಬ್ಯಾಂಡ್ ಗಪ್ಪಾಯಿತು.

"ನಿಲ್ಲಿಸಿದ್ದು ಯಾಕೆ?" ಎಂದು ರೇಗಿದೆ.

"ನೀವೇ ಅಲ್ವಾ ಸ್ಟಾಪ್ ಹೇಳಿದ್ದು?"

"ನಾನು ಬಾಯಿ ಬಿಟ್ಟಿದ್ದರೆ ಕೇಳು!"

ಹಿಲ್ಡಾ ನನ್ನ ಬೆನ್ನ ಹಿಂದಿನ ಗೋಡೆಯನ್ನು ತೋರಿಸಿದಳು. ದಿನವೂ ನಾನು ನಿಲ್ಲುವ ಜಾಗ. ಅದೊಂದನ್ನು ನಾನು ಯಾವತ್ತೂ ಒರೆಸಿರಲಿಲ್ಲ.

ಬಟ್ಟೆ ಹಿಡಿದು ಉಜ್ಜಿದೆ. ಒಂದು 'ಸ್ಟಾಪ್' ಹೋದರೆ ಅದರಡಿ ಇನ್ನೊಂದು, ಅದರಡಿ ಮತ್ತೊಂದು. ಪದರ ಕಳಚಿದಷ್ಟೂ ನನ್ನ ದನಿ ಎಳೆಯದಾಗುತ್ತಿತ್ತು.

"ಆಯ್ತು, ಮುಂದುವರಿಸು," ಎಂದೆ.

ಹಿಲ್ಡಾ ಸ್ಯಾಕ್ಸೋಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ಮುಂದೆ ಎಂತ ಇತ್ತು ಅಂತ ಮರ್ತೇ ಹೋಯ್ತು ಮಾಸ್ಟ್ರೆ."