ನಲವತ್ತಮೂರು ಪದಗಳ ಗೋಡೆ

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಪೇಂಟರ್ ಗೌಸುಸಾಬ ಗಜೇಂದ್ರಗಡದ ಸೇವಾಸಂಸ್ಥೆಯೊಂದರ ಗೋಡೆಯ ಮೇಲೆ ಅದರ ಗುರಿ ಸಾರುವ ದೂರದೃಷ್ಟಿ ವಾಕ್ಯ ಬರೆಯತೊಡಗಿದ. ವಾಕ್ಯದಲ್ಲಿ ನಲವತ್ತಮೂರು ಪದಗಳಿದ್ದವು. ಅನುದಾನ ಕೊಡುವವರು ಹನ್ನೊಂದಕ್ಕೆ ಬರುವವರಿದ್ದರು.

ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವುದು ಸಂಸ್ಥೆಯ ಕೆಲಸ. ಸುತ್ತಲಿನ ಸೂಡಿ, ಸವಡಿ, ಮುಶಿಗೇರಿ ಹಳ್ಳಿಗಳು ಸೇರಿ ಮೂವತ್ತೆಂಟು ಮನೆಗಳಿಗೆ ಇದ್ದವಳು ಒಬ್ಬಳೇ ನರ್ಸ್, ಶ್ವೇತಾ; ಇದ್ದದ್ದು ಒಂದೇ ಸ್ಕೂಟರ್. ಸಮಿತಿಯಲ್ಲಿ ಮಾತ್ರ ಏಳು ಜನ. ಮೂರು ಸಭೆಗಳಲ್ಲಿ ಪ್ರತಿಯೊಬ್ಬರೂ ವಾಕ್ಯಕ್ಕೆ ತಮ್ಮದೊಂದು ಪದ ಸೇರಿಸಿದ್ದರು. ಯಾರಿಗೂ ಬೇಸರವಾಗಬಾರದೆಂದು ಕಾರ್ಯದರ್ಶಿ ಶ್ರೀಧರ ಮಾಸ್ತರರು ಒಂದನ್ನೂ ಬಿಟ್ಟಿರಲಿಲ್ಲ. 'ವಿಶ್ವದರ್ಜೆಯ' ಎಂಬುದು ಕಿಟಕಿಗೆ ಬಡಿಯುತ್ತದೆ, ತೆಗೆಯಬಹುದೇ ಎಂದು ಗೌಸುಸಾಬ ಕೇಳಿದ.

"ಅದು ನಮ್ಮ ಸಮಿತಿ ಪ್ರಭುಲಿಂಗಪ್ಪನವರ ಶಬ್ದ. ಕುರ್ಚಿ ಎಲ್ಲಾ ಅವರ ಕೊಡಿಸ್ಯಾರ," ಎಂದರು ಮಾಸ್ತರರು. "ಬೇಕಾದರ ಕಿಡಕಿ ತಗಿ."

ಒಂಬತ್ತೂ ಮೂವತ್ತೈದಕ್ಕೆ ಶ್ವೇತಾಳ ಫೋನ್ ರಿಂಗಾಯಿತು. ಮುಶಿಗೇರಿಯ ಭೀಮೇಶ. ಅವನ ತಾಯಿ ಕಳಕವ್ವನಿಗೆ ಅರವತ್ತೆಂಟು, ಕ್ಯಾನ್ಸರ್. ರಾತ್ರಿ ನೋವಿನ ಗುಳಿಗೆ ವಾಂತಿಯಾಗಿ, ಮತ್ತೆ ಕೊಟ್ಟಿದ್ದರಿಂದ ಇದ್ದವು ಮುಗಿದಿದ್ದವು. ನಸುಕಿನಿಂದ ಮುದುಕಿ ನರಳುತ್ತಿದ್ದಳು. ಶ್ವೇತಾ ಅಲ್ಲಿಗೆ ಹೋಗುವ ಸರದಿ ಮರುದಿನ. ಇವತ್ತು ಬರಲಾದೀತೇ ಎಂದು ಅವನು ಕೇಳಿದ.

ಅವಳು ವೈದ್ಯರಿಗೆ ಫೋನ್ ಮಾಡಿ ಗುಳಿಗೆಯ ಪ್ರಮಾಣ ಬರೆದುಕೊಂಡಳು, ಔಷಧದ ಪೆಟ್ಟಿಗೆಯನ್ನು ಸ್ಕೂಟರಿಗೆ ಬಿಗಿದಳು. ಮಾಸ್ತರರು ಹೊರಗೆ ಬಂದರು. ಅವರೇನೂ ಕಠಿಣ ಮನುಷ್ಯರಲ್ಲ. ಬರುವವರು ನರ್ಸನ್ನೇ ಮೊದಲು ನೋಡಬೇಕೆಂದಿದ್ದಾರೆ, ಒಪ್ಪಿದರೆ ಇನ್ನೊಬ್ಬ ನರ್ಸ್ ಸಿಗುತ್ತಾಳೆ, ಸಿಕ್ಕರೆ ಇನ್ನೂ ಮೂವತ್ತು ಮನೆ ಮುಟ್ಟಬಹುದು, ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಮುಗಿಯುತ್ತದೆ, ಆಮೇಲೆ ಹೋಗು ಎಂದರು. ಆ ಲೆಕ್ಕ ತಪ್ಪಾಗಿರಲಿಲ್ಲ. ಶ್ವೇತಾಳಿಗೂ ಅದು ಗೊತ್ತಿತ್ತು. ಕೀಲಿ ಹಿಡಿದು ನಿಂತೇ ಇದ್ದಳು.

ಏಣಿಯ ಮೇಲಿಂದ ಗೌಸುಸಾಬ ಕೆಳಗಿಳಿದ. "ಸರ್, ನಾ ಬರಿಯಾಂವ ಅಷ್ಟ. ಒಂದ್ ಮಾತು ಕೇಳ್ಲ್ಯಾ? ಇದನ್ನಷ್ಟೂ ಓದಿದರ ಈ ಅಕ್ಕಾರು ಈಗ ಹೋಗಬೇಕೋ ನಿಂದರಬೇಕೋ, ಗೊತ್ತಾಗ್ತದೇನ್ರಿ?"

ಮಾಸ್ತರರು ಅವನ ಕೈಯಿಂದ ಕಾಗದ ತೆಗೆದುಕೊಂಡರು. ನಲವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವರು. ಒಂದೊಂದೇ ಪದದ ಮೇಲೆ ಬೆರಳಿಟ್ಟು ಕೊನೆಯವರೆಗೆ ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಏಳೂ ಮಂದಿನ ಕೇಳಿದೆ, ನಿನ್ನ ಕೇಳಲೇ ಇಲ್ಲ," ಎಂದರು ಶ್ವೇತಾಳಿಗೆ. "ನೀ ಏನ್ ಬರಸ್ತಿದ್ದಿ?"

ಅವಳು ಯೋಚಿಸಲಿಲ್ಲ. "ನಮ್ಮ ತಾಲೂಕಿನ್ಯಾಗ ಯಾರೂ ನೋವಿನಾಗ ಕಾಯಬಾರದ್ರಿ."

ಮಾಸ್ತರರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

"ಹೋಗವಾ. ಗಾಡಿ ಸಾವಕಾಶ ಹೊಡಿ."

ಬರೆದಿದ್ದ ಮೂರು ಪದಗಳ ಮೇಲೆ ಗೌಸುಸಾಬ ಬಿಳಿ ಬಣ್ಣ ಎಳೆದ. ಸಮಿತಿಯವರು ಏನೆನ್ನುತ್ತಾರೋ ಎಂದು ಅವನಿಗೇ ಅಳುಕು. ಬೈದರೆ ತಾವು ಬೈಸಿಕೊಳ್ಳುವುದಾಗಿ ಮಾಸ್ತರರು ಹೇಳಿ, ಏಣಿ ಅಲುಗದಂತೆ ಹಿಡಿದು ನಿಂತರು.

ಅನುದಾನ ಕೊಡುವವರು ತಲುಪಿದ್ದು ಹನ್ನೊಂದೂ ಹತ್ತಕ್ಕೆ. ಗೋಡೆಯ ಮೇಲೆ ಶ್ವೇತಾಳ ಐದು ಪದಗಳ ಬಣ್ಣ ಇನ್ನೂ ಹಸಿಯಾಗಿತ್ತು. ನರ್ಸ್ ಎಲ್ಲಿ ಎಂದು ಕೇಳಿದರು. ಮುಶಿಗೇರಿಗೆ ಹೋಗಿದ್ದಾಳೆ ಎಂದು ಮಾಸ್ತರರು ಹೇಳಿದರು. ಅವರು ಗೋಡೆಯ ಫೋಟೊ ತೆಗೆದುಕೊಂಡು, ತೀರ್ಮಾನವನ್ನು ಪತ್ರದಲ್ಲಿ ತಿಳಿಸುವುದಾಗಿ ಹೇಳಿ ಹೊರಟರು.

ಹನ್ನೊಂದೂವರೆಗೆ ಮುಶಿಗೇರಿಯಲ್ಲಿ, ಗುಳಿಗೆಯಿಂದ ನೋವು ತಗ್ಗಿದ ಕಳಕವ್ವ ಎರಡು ಚಮಚ ಗಂಜಿ ಕುಡಿದು, ಶ್ವೇತಾಳ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ಶ್ವೇತಾ ಕೈ ಬಿಡಿಸಿಕೊಳ್ಳದೆ ಇನ್ನೂ ನಲವತ್ತು ನಿಮಿಷ ಅಲ್ಲೇ ಕುಳಿತಳು.